ಬೇಲಿ ಹಾಕಿದ ಕೂಡಲೇ ಕೆಲಸ ಖಾಯಂ ಆಗುತ್ತಾ?

ಹೊಸ ಕೈಗಾರಿಕಾ ವಲಯ ಘೋಷಣೆಯಾದ ಮರುದಿನ ಪೇಪರಿನಲ್ಲಿ ಎರಡು ಸಂಖ್ಯೆ ಇದ್ದೇ ಇರುತ್ತವೆ. ಇಷ್ಟು ಸಾವಿರ ಕೋಟಿ ಹೂಡಿಕೆ, ಇಷ್ಟು ಲಕ್ಷ ಉದ್ಯೋಗ. ಮೊದಲನೆಯದನ್ನು ಓದಿ ಮುಂದೆ ಹೋಗುತ್ತೇನೆ, ಅದು ನನ್ನ ತಲೆಗೆ ಮೀರಿದ್ದು. ಎರಡನೆಯದರ ಹತ್ತಿರ ಮಾತ್ರ ಪ್ರತಿ ಸಲ ಸಿಕ್ಕಿಹಾಕಿಕೊಳ್ಳುತ್ತೇನೆ. ಎಂಥ ಉದ್ಯೋಗ ಸ್ವಾಮಿ? ಕೈಗೆ ನೇಮಕಾತಿ ಪತ್ರ ಬರುವಂಥದ್ದಾ, ಇಲ್ಲ ಮೇಸ್ತ್ರಿ ಬೆಳಿಗ್ಗೆ ಫೋನ್ ಮಾಡಿದರೆ ಉಂಟು, ಮಾಡದಿದ್ದರೆ ಇಲ್ಲ ಅನ್ನುವಂಥದ್ದಾ?

ಕೆಲವು ತಿಂಗಳಿಂದ ಈ ಒಂದು ಪ್ರಶ್ನೆ ಹಿಡಿದುಕೊಂಡು ಬೇರೆ ಬೇರೆ ದೇಶಗಳ ಕಥೆ ಓದುತ್ತಿದ್ದೇನೆ. ನಾನು ಅರ್ಥಶಾಸ್ತ್ರದ ಮೇಷ್ಟ್ರಲ್ಲ, ಸುಮ್ನೆ ಕುತೂಹಲ. ಓದುತ್ತಾ ಓದುತ್ತಾ ಒಂದು ಅಭಿಪ್ರಾಯ ಗಟ್ಟಿಯಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಯೋಜನೆಗಳು ಗೆರೆ ಎಳೆಯುವುದು ನೆಲದ ಮೇಲೆ. ಕೆಲಸ ಭದ್ರವೋ ಅಭದ್ರವೋ ಅನ್ನುವುದು ತೀರ್ಮಾನವಾಗುವುದು ಕೆಲಸ ಕೊಡುವವರ ಮತ್ತು ಮಾಡುವವರ ನಡುವೆ. ನೆಲದ ಗೆರೆಯನ್ನು ಎಷ್ಟೇ ಚೆನ್ನಾಗಿ ಎಳೆದರೂ ಈ ಎರಡನೆಯ ಗಂಟು ತಾನಾಗಿ ಬಿಗಿಯಾಗುವುದಿಲ್ಲ.

ಗೆರೆ ಅಂದೆನಲ್ಲ, ಅದು ಹಲವು ಥರ ಇರುತ್ತದೆ. ವಿಶೇಷ ಆರ್ಥಿಕ ವಲಯ, ರಫ್ತು ವಲಯ, ಹಿಂದುಳಿದ ಜಿಲ್ಲೆಗೆ ತೆರಿಗೆ ವಿನಾಯಿತಿ, ಕೈಗಾರಿಕಾ ಪಾರ್ಕು, ಕಾರಿಡಾರು. ಹೆಸರು ಏನೇ ಇರಲಿ, ಒಳಗಿನ ಲೆಕ್ಕ ಒಂದೇ. ನಕ್ಷೆಯಲ್ಲಿ ಒಂದು ತುಂಡು ಜಾಗ ಗುರುತು ಮಾಡಿ, ಇದರೊಳಗೆ ಬಂದರೆ ತೆರಿಗೆ ಕಡಿಮೆ, ಜಮೀನು ಅಗ್ಗ, ಕರೆಂಟು ತಪ್ಪುವುದಿಲ್ಲ, ಕಾಗದಪತ್ರದ ಕಿರಿಕಿರಿ ಕಡಿಮೆ ಅಂತ ಕಂಪನಿಗಳನ್ನು ಕರೆಯುವುದು. ಬಂದ ಕಂಪನಿ ಜನರನ್ನು ಸೇರಿಸಿಕೊಳ್ಳುತ್ತದೆ, ಸುತ್ತಲಿನ ಊರು ಮೇಲೆ ಬರುತ್ತದೆ ಅನ್ನುವುದು ನಂಬಿಕೆ. ಗಮನಿಸಿ, ರಿಯಾಯಿತಿ ಸಿಗುವುದು ಹಾಕಿದ ಬಂಡವಾಳಕ್ಕೆ, ಬಂದ ಲಾಭಕ್ಕೆ. ಎಷ್ಟು ಜನರಿಗೆ ಪಿಎಫ್ ಕಟ್ಟಿದಿರಿ ಅನ್ನುವುದಕ್ಕೆ ತೆರಿಗೆ ಬಿಡುವ ವಲಯಗಳು ಅಪರೂಪ.

ಇನ್ನು ಅನೌಪಚಾರಿಕ ಕೆಲಸ. ನಮ್ಮಲ್ಲಿ ಅಸಂಘಟಿತ ವಲಯ ಅನ್ನುವುದು ರೂಢಿ. ಈ ಪರಿಕಲ್ಪನೆಗೆ ಹೆಸರು ಸಿಕ್ಕಿದ್ದು ಘಾನಾದ ಅಕ್ರಾ ನಗರದ ಬಡ ಬಡಾವಣೆಯೊಂದರಿಂದ. ಕೀತ್ ಹಾರ್ಟ್ ಅನ್ನುವ ಮಾನವಶಾಸ್ತ್ರಜ್ಞ ಅಲ್ಲಿ ನೋಡಿದ್ದು ಇಷ್ಟೇ: ಸರಕಾರದ ಲೆಕ್ಕದಲ್ಲಿ ನಿರುದ್ಯೋಗಿಗಳು ಅಂತ ಇದ್ದವರು ಬೆಳಗಿನಿಂದ ರಾತ್ರಿವರೆಗೆ ಏನಾದರೊಂದು ದುಡಿಮೆಯಲ್ಲಿದ್ದರು. ಆಟಕ್ಕುಂಟು, ಲೆಕ್ಕಕ್ಕಿಲ್ಲ. 1971ರಲ್ಲಿ ಅವರು ಇದನ್ನು ಒಂದು ಸಮ್ಮೇಳನದಲ್ಲಿ ಹೇಳಿದರು, ಮರುವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೆನ್ಯಾದ ಬಗ್ಗೆ ಬರೆದ ವರದಿಯಲ್ಲಿ ಅದೇ ಪದ ಬಂತು, ಆಮೇಲೆ ಪ್ರಪಂಚವೆಲ್ಲ ಹಬ್ಬಿತು. ಅದೇ ಸಂಸ್ಥೆ 2018ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ದುಡಿಯುವವರಲ್ಲಿ ಶೇ 61ಕ್ಕಿಂತ ಜಾಸ್ತಿ ಜನ, ಅಂದರೆ 200 ಕೋಟಿ, ಹೀಗೆ ದುಡಿಯುವವರು. ಆಫ್ರಿಕಾದಲ್ಲಿ ಇದು ಶೇ 86ರ ಹತ್ತಿರ.

ಇಲ್ಲಿ ಒಂದು ಸಣ್ಣ ವಿಷಯ ಇದೆ, ಅದು ಗೊತ್ತಾದ ಮೇಲೆ ನಾನು ವಲಯಗಳನ್ನು ನೋಡುವ ರೀತಿಯೇ ಬದಲಾಯಿತು. 1993ರಲ್ಲಿ ಕಾರ್ಮಿಕ ಸಂಖ್ಯಾಶಾಸ್ತ್ರಜ್ಞರು ಕೂತು ಅನೌಪಚಾರಿಕ ವಲಯಕ್ಕೆ ಒಂದು ವ್ಯಾಖ್ಯೆ ಕೊಟ್ಟಾಗ ಅವರು ನೋಡಿದ್ದು ಘಟಕವನ್ನು. ಅಂಗಡಿ ನೋಂದಣಿ ಆಗಿದೆಯಾ, ಎಷ್ಟು ಜನ ಇದ್ದಾರೆ, ಹೀಗೆ. 2003ರಲ್ಲಿ ಅದನ್ನು ವಿಸ್ತರಿಸಿದರು. ಈ ಸಲ ನೋಡಿದ್ದು ಕೆಲಸವನ್ನು. ಒಪ್ಪಂದ ಇದೆಯಾ, ರಜೆಗೆ ಸಂಬಳ ಇದೆಯಾ, ಕಾಯಿಲೆ ಬಿದ್ದರೆ, ವಯಸ್ಸಾದರೆ ಏನಾದರೂ ಇದೆಯಾ? ಈ ಎರಡನೆಯ ಕನ್ನಡಕ ಹಾಕಿಕೊಂಡು ನೋಡಿದರೆ, ಗಾಜಿನ ಕಟ್ಟಡದ, ಷೇರುಪೇಟೆಯಲ್ಲಿ ಹೆಸರಿರುವ ಕಾರ್ಖಾನೆಯ ಒಳಗೇ ಅನೌಪಚಾರಿಕ ಕೆಲಸಗಾರರು ಕಾಣಿಸುತ್ತಾರೆ. ಭಾರತದಲ್ಲಿ ಅಸಂಘಟಿತ ವಲಯದ ಉದ್ಯಮಗಳಿಗಾಗಿ ಇದ್ದ ರಾಷ್ಟ್ರೀಯ ಆಯೋಗ, ಅರ್ಜುನ್ ಸೇನ್‌ಗುಪ್ತಾ ಅಧ್ಯಕ್ಷರಾಗಿದ್ದದ್ದು, ಅನೌಪಚಾರಿಕ ಘಟಕಗಳಲ್ಲಿ ಇದ್ದವರು ಶೇ 86 ಅಂತ ಹೇಳಿತು. ದೊಡ್ಡ ಘಟಕಗಳ ಒಳಗಿರುವ ಅಭದ್ರ ಕೆಲಸಗಾರರನ್ನೂ ಸೇರಿಸಿದರೆ ಅದು ಶೇ 92. ಈ ಎರಡು ಸಂಖ್ಯೆಗಳ ನಡುವೆ ಇರುವವರು ಗೇಟಿನ ಒಳಗೆ ಹೋಗುತ್ತಾರೆ, ಬರುತ್ತಾರೆ, ಅದೇ ಯೂನಿಫಾರಂ ಹಾಕುತ್ತಾರೆ. ಅವರ ಹೆಸರು ಮಾತ್ರ ಬೇರೆ ಯಾರದೋ ಪುಸ್ತಕದಲ್ಲಿರುತ್ತದೆ.

ಈಗ ಹಳೆಯ ಕಥೆಯೊಂದಕ್ಕೆ ಹೋಗೋಣ. ಮೆಕ್ಸಿಕೊ, 1965. ಅಮೆರಿಕದ ಹೊಲಗಳಲ್ಲಿ ಕೂಲಿ ಮಾಡಲು ಮೆಕ್ಸಿಕೊದ ಗಂಡಸರನ್ನು ಕರೆಸಿಕೊಳ್ಳುತ್ತಿದ್ದ ಬ್ರಾಸೆರೊ ಯೋಜನೆ 1942ರಿಂದ ನಡೆದಿತ್ತು, 1964ರ ಕೊನೆಗೆ ನಿಂತಿತು. ಗಡಿಯ ಊರುಗಳಲ್ಲಿ ಕೆಲಸವಿಲ್ಲದ ಗಂಡಸರು ತುಂಬಿಕೊಂಡರು. ಅದಕ್ಕೆ ಸರಕಾರ ಗಡಿಯುದ್ದಕ್ಕೂ ಕಾರ್ಖಾನೆಗಳಿಗೆ ಅವಕಾಶ ಕೊಟ್ಟಿತು. ಬಿಡಿಭಾಗ ಸುಂಕವಿಲ್ಲದೆ ತನ್ನಿ, ಜೋಡಿಸಿ, ವಾಪಸ್ ಕಳಿಸಿ. ಇವೇ ಮಕಿಲಾಡೋರಾಗಳು. ಕಾರ್ಖಾನೆಗಳು ಬಂದವು. ಆದರೆ ಅವು ಸೇರಿಸಿಕೊಂಡದ್ದು ಹೆಚ್ಚಾಗಿ ಯುವತಿಯರನ್ನು! ಹೊಲದಿಂದ ವಾಪಸಾದ ಗಂಡಸರು ನಿಂತಲ್ಲೇ ನಿಂತಿದ್ದರು. ಯಾರ ಹೆಸರು ಹೇಳಿ ಯೋಜನೆ ತಂದರೋ ಅವರಿಗೆ ಕೆಲಸ ಸಿಗಲಿಲ್ಲ, ಅಲ್ಲಿಯವರೆಗೆ ಸಂಬಳದ ಕೆಲಸದ ಲೆಕ್ಕದಲ್ಲೇ ಇಲ್ಲದಿದ್ದವರಿಗೆ ಸಿಕ್ಕಿತು. ಇದನ್ನು ಸೋಲು ಅನ್ನಬೇಕಾ, ಗೆಲುವು ಅನ್ನಬೇಕಾ ಅಂತ ನನಗೆ ಇನ್ನೂ ಗೊಂದಲ. ಹೆಣ್ಣುಮಕ್ಕಳ ಕೈಗೆ ಸ್ವಂತ ದುಡ್ಡು ಬಂದದ್ದು ಸಣ್ಣ ಮಾತಲ್ಲ.

ಮೆಕ್ಸಿಕೊ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಮೋಸವಾಗುತ್ತದೆ. ದೇಶದಲ್ಲಿ ಇವತ್ತಿಗೂ ಅರ್ಧಕ್ಕಿಂತ ಜಾಸ್ತಿ ಜನ ಅನೌಪಚಾರಿಕ ಕೆಲಸದಲ್ಲೇ ಇದ್ದಾರೆ. ಆದರೆ ಚಿವಾವಾದಂಥ ಉತ್ತರದ ಗಡಿ ರಾಜ್ಯಗಳಲ್ಲಿ ಈ ಪ್ರಮಾಣ ದಕ್ಷಿಣದ ಓಹಾಕಾ, ಚಿಯಾಪಾಸ್‌ಗಿಂತ ಬಹಳ ಕಡಿಮೆ. ಇದಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಕಾರ್ಖಾನೆಗಳ ಪಾಲು ಇಲ್ಲ ಅನ್ನಲಾಗುವುದಿಲ್ಲ. ವಲಯಗಳೆಲ್ಲ ಬರೀ ಕಣ್ಕಟ್ಟು ಅನ್ನುವವರ ಜೊತೆ ನಾನು ಕೂರುವುದಿಲ್ಲ.

ವಲಯ ಅಂದಕೂಡಲೇ ಎಲ್ಲರ ಬಾಯಲ್ಲೂ ಬರುವ ಹೆಸರು ಶೆನ್‌ಜೆನ್. 1980ರಲ್ಲಿ ಚೀನಾ ಅದನ್ನು ವಿಶೇಷ ಆರ್ಥಿಕ ವಲಯ ಮಾಡಿತು, ಜೊತೆಗೆ ಝುಹಾಯ್, ಶಾಂತೌ, ಶಿಯಾಮೆನ್ ಕೂಡ. 2020ರ ಜನಗಣತಿಯಲ್ಲಿ ಶೆನ್‌ಜೆನ್‌ನ ಜನಸಂಖ್ಯೆ 1.75 ಕೋಟಿ ದಾಟಿತ್ತು. ನೋಡಿ, ಹೀಗೆ ಮಾಡಬೇಕು ಅಂತ ಎಲ್ಲ ದೇಶದ ಮಂತ್ರಿಗಳೂ ಅಲ್ಲಿಗೆ ಹೋಗಿ ಫೋಟೊ ತೆಗೆಸಿಕೊಂಡು ಬರುತ್ತಾರೆ. ಆ ಊರನ್ನು ಕಟ್ಟಿದ ಕೈಗಳ ಸ್ಥಿತಿ ಏನಿತ್ತು ಅನ್ನುವುದು ಆ ಫೋಟೊದಲ್ಲಿ ಬರುವುದಿಲ್ಲ. ಹಳ್ಳಿಯಿಂದ ಬಂದವರ ಹುಕೌ, ಅಂದರೆ ಕುಟುಂಬದ ನೋಂದಣಿ, ಹಳ್ಳಿಯಲ್ಲೇ ಇತ್ತು. ಅದಿಲ್ಲದೆ ನಗರದ ಶಾಲೆ, ಆಸ್ಪತ್ರೆ, ಪಿಂಚಣಿ ಅವರಿಗೆ ದೂರ. ತಾತ್ಕಾಲಿಕ ವಾಸದ ಪರವಾನಗಿ ಜೇಬಿನಲ್ಲಿ ಇಲ್ಲದಿದ್ದರೆ ಪೊಲೀಸರು ಹಿಡಿದು ಊರಿಗೆ ಕಳಿಸಬಹುದಿತ್ತು. ಈ ಪದ್ಧತಿ 2003ರವರೆಗೂ ಇತ್ತು. ನಗರದ ನಡುವೆ ಸಿಕ್ಕಿಕೊಂಡ ಹಳೆ ಹಳ್ಳಿಗಳಲ್ಲಿ ಮನೆಯ ಮೇಲೆ ಮನೆ ಕಟ್ಟಿ ಬಾಡಿಗೆಗೆ ಕೊಟ್ಟರು. ಪಕ್ಕದ ಮನೆಯ ಕಿಟಕಿಯಿಂದ ಕೈ ಚಾಚಿ ಕೈಕುಲುಕಬಹುದು, ಅಷ್ಟು ಹತ್ತಿರ. ಪ್ರಪಂಚಕ್ಕೆಲ್ಲ ಮಾದರಿಯಾದ ವಲಯದ ಅರ್ಧ ಬದುಕು ನಡೆದದ್ದು ಯಾರೂ ಯೋಜನೆ ಮಾಡದ ಈ ಓಣಿಗಳಲ್ಲಿ.

ಅಲ್ಲಿ ಕೆಲಸದ ಒಪ್ಪಂದಕ್ಕೆ ಬಲ ಬಂದದ್ದು 2008ರಲ್ಲಿ, ಹೊಸ ಕಾರ್ಮಿಕ ಒಪ್ಪಂದ ಕಾನೂನು ಜಾರಿಯಾದಾಗ. ಕೆಲಸಕ್ಕೆ ಸೇರಿಸಿಕೊಂಡು ಒಂದು ತಿಂಗಳಲ್ಲಿ ಲಿಖಿತ ಒಪ್ಪಂದ ಮಾಡದಿದ್ದರೆ ಮಾಲೀಕ ಆಮೇಲೆ ಎರಡರಷ್ಟು ಸಂಬಳ ಕೊಡಬೇಕು. ಸರಳ, ಚುರುಕು, ಜೇಬಿಗೆ ನಾಟುವ ನಿಯಮ. ವಲಯವಾಗಿ 28 ವರ್ಷ ಆದ ಮೇಲೆ ಬಂದದ್ದು, ಇಡೀ ದೇಶಕ್ಕೆ ಬಂದದ್ದು. ಎಲ್ಲ ಕಡೆ ಪಾಲನೆ ಆಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಮಾಲೀಕ ಕೆಲಸಗಾರರ ನಡುವಿನ ಗಂಟಿಗೆ ನೇರವಾಗಿ ಕೈ ಹಾಕಿದ್ದು ಇದು.

ಭಾರತದ ವಿಷಯಕ್ಕೆ ಬಂದರೆ, ರಫ್ತು ವಲಯದಲ್ಲಿ ನಾವು ಏಷ್ಯಾಕ್ಕೇ ಮೊದಲಿಗರು. ಗುಜರಾತಿನ ಕಾಂಡ್ಲಾ, 1965. ಅದು ಹಾಗೇ ತೆವಳಿಕೊಂಡು ನಡೆಯಿತು. ನಿಜವಾದ ಗದ್ದಲ ಶುರುವಾದದ್ದು 2005ರ ಎಸ್‌ಇಝಡ್, ಅಂದರೆ ವಿಶೇಷ ಆರ್ಥಿಕ ವಲಯ, ಕಾಯ್ದೆಯ ನಂತರ. ರಫ್ತಿನ ಲಾಭಕ್ಕೆ ಮೊದಲ ಐದು ವರ್ಷ ಪೂರ್ತಿ ತೆರಿಗೆ ಮಾಫಿ, ಮುಂದಿನ ಐದು ವರ್ಷ ಅರ್ಧ. ಹಿಂದುಳಿದ ಪ್ರದೇಶಕ್ಕೆ ಕಾರ್ಖಾನೆ ಬರುತ್ತದೆ ಅಂದುಕೊಂಡರೆ, ಬಂದದ್ದರಲ್ಲಿ ಬಹುಪಾಲು ಐಟಿ ಕಂಪನಿಗಳು, ಮೊದಲೇ ಬೆಳೆದಿದ್ದ ರಾಜ್ಯಗಳಿಗೆ, ಮೊದಲೇ ಬೆಳೆದಿದ್ದ ನಗರಗಳ ಪಕ್ಕಕ್ಕೆ. ಇದ್ದವರಿಗೇ ಇನ್ನಷ್ಟು.

ನಾನು ಬಹಳ ದಿನ ಎಸ್‌ಇಝಡ್ ಒಳಗೆ ಕಾರ್ಮಿಕ ಕಾನೂನು ಅನ್ವಯವೇ ಆಗುವುದಿಲ್ಲ ಅಂದುಕೊಂಡಿದ್ದೆ. ಅದು ತಪ್ಪು. ಕಾನೂನು ಅದೇ. ಬದಲಾದದ್ದು ಅದನ್ನು ನೋಡಿಕೊಳ್ಳುವವರು. ಕಾರ್ಮಿಕ ಆಯುಕ್ತರ ಅಧಿಕಾರವನ್ನು ರಾಜ್ಯಗಳು ವಲಯದ ಅಭಿವೃದ್ಧಿ ಆಯುಕ್ತರಿಗೆ ವಹಿಸಿಕೊಟ್ಟವು. ಅಂದರೆ ಹೂಡಿಕೆ ತರಬೇಕಾದ ಅಧಿಕಾರಿಯೇ ಹೂಡಿಕೆದಾರರ ಮೇಲಿನ ದೂರನ್ನೂ ಕೇಳಬೇಕು! ಜೊತೆಗೆ ವಲಯಗಳನ್ನು ಸಾರ್ವಜನಿಕ ಉಪಯುಕ್ತ ಸೇವೆ ಅಂತ ಘೋಷಿಸಿದರು, ಹಾಗಾಗಿ ಮುಂಚಿತ ನೋಟಿಸ್ ಕೊಡದೆ ಮುಷ್ಕರ ಮಾಡುವ ಹಾಗಿಲ್ಲ. ಅಕ್ಷರದಲ್ಲಿ ಕಾನೂನು ಉಳಿಯಿತು, ಅದನ್ನು ಹಿಡಿದುಕೊಂಡು ಹೋಗುವ ಬಾಗಿಲು ಕಿರಿದಾಯಿತು.

ಹಾಗಾದರೆ ಅಲ್ಲಿ ಅನೌಪಚಾರಿಕ ಕೆಲಸ ಕಡಿಮೆ ಆಗಲಿಲ್ವಾ? ಆಯಿತು ಅಂತ ಹೇಳುವ ಅಧ್ಯಯನಗಳು ಇವೆ. ವಲಯ ಬಂದ ಸುತ್ತಮುತ್ತ ಅನೌಪಚಾರಿಕ ಘಟಕಗಳಿಂದ ನೋಂದಾಯಿತ ಘಟಕಗಳ ಕಡೆಗೆ ದುಡಿಮೆ ಸರಿದಿದೆ ಅಂತ ಒಂದು, ಹೊಲದ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಹೋದವರಲ್ಲಿ ಹೆಂಗಸರೇ ಮುಖ್ಯ ಅಂತ ಇನ್ನೊಂದು. ನಾನು ಇವನ್ನು ನಂಬುತ್ತೇನೆ. ಆದರೆ ಸರಿದದ್ದು ಹೇಗೆ ಅಂತ ನೋಡಬೇಕು. ನಾಲ್ಕು ಹೊಲಿಗೆ ಯಂತ್ರ ಇಟ್ಟುಕೊಂಡು ಶೆಡ್ ನಡೆಸುತ್ತಿದ್ದವರು ನೋಂದಣಿ ಮಾಡಿಸಿ ದೊಡ್ಡವರಾಗುವುದು ಬಹಳ ಕಡಿಮೆ. ಅವರ ಕೆಲಸಗಾರರು ಬಿಟ್ಟುಹೋಗುತ್ತಾರೆ, ಬಾಡಿಗೆ ಏರುತ್ತದೆ, ಶೆಡ್ ಮುಚ್ಚುತ್ತದೆ, ಇಲ್ಲವೇ ದೊಡ್ಡ ಕಾರ್ಖಾನೆ ತುರ್ತಿನಲ್ಲಿ ಹೊರಗೆ ಕೊಡುವ ಬಿಡಿ ಕೆಲಸಕ್ಕೆ ಕಾಯುತ್ತಾ ಕೂರುತ್ತಾರೆ. ಸರಾಸರಿ ಮೇಲೆ ಹೋಗುತ್ತದೆ. ಸರಾಸರಿಯ ಒಳಗೆ ಒಬ್ಬರ ಜಾಗಕ್ಕೆ ಇನ್ನೊಬ್ಬರು ಬಂದಿರುತ್ತಾರೆ.

ಇನ್ನು ಉತ್ತರಾಖಂಡ, ಹಿಮಾಚಲ. 2003ರಲ್ಲಿ ಕೇಂದ್ರ ಸರಕಾರ ಈ ಗುಡ್ಡಗಾಡು ರಾಜ್ಯಗಳಿಗೆ ಹತ್ತು ವರ್ಷದ ಅಬಕಾರಿ ಸುಂಕ ವಿನಾಯಿತಿ ಕೊಟ್ಟಿತು, ಆದಾಯ ತೆರಿಗೆಯಲ್ಲೂ ಬಿಟ್ಟಿತು. ಹರಿದ್ವಾರ, ಪಂತ್‌ನಗರ, ಬದ್ದಿಯಲ್ಲಿ ಕಾರ್ಖಾನೆಗಳು ಎದ್ದವು. ಇಲ್ಲಿ ಉದ್ಯೋಗ ನಿಜಕ್ಕೂ ಏರಿತು, ಅನುಮಾನ ಬೇಡ. ಆದರೆ ನಕ್ಷೆ ನೋಡಿ. ಮೂರೂ ಊರು ಇರುವುದು ಗುಡ್ಡದ ಬುಡದಲ್ಲಿ, ಬಯಲಿನ ಅಂಚಿನಲ್ಲಿ, ಪಕ್ಕದ ರಾಜ್ಯಕ್ಕೆ ಅಂಟಿಕೊಂಡು. ಮೇಲಿನ ಹಳ್ಳಿಯವರಿಗೆ ಕೆಲಸ ಬೇಕಾದರೆ ಮೊದಲಿನ ಹಾಗೇ ಗುಡ್ಡ ಇಳಿಯಬೇಕು. ಇಳಿದು ಬಂದವರಲ್ಲಿ ಬಹಳ ಮಂದಿಗೆ ಸಿಕ್ಕಿದ್ದು ಗುತ್ತಿಗೆ ಕೆಲಸ.

ಗುತ್ತಿಗೆ ಅನ್ನುವುದೇ ಈ ಎಲ್ಲದರ ಕೀಲಿ ಅಂತ ನನಗೆ ಅನ್ನಿಸುತ್ತದೆ. ಹಳೆಯ ಫ್ಯಾಕ್ಟರಿ ಕಾಯ್ದೆಯಲ್ಲಿ, 1948ರದ್ದು, ಕರೆಂಟು ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ಇದ್ದರೆ ಅದು ಕಾರ್ಖಾನೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ 20 ಜನರಿಂದ ಶುರು. 2020ರಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕ ಸಂಹಿತೆಯಲ್ಲಿ ಕಾರ್ಖಾನೆಯ ಗೆರೆ 20 ಮತ್ತು 40ಕ್ಕೆ ಏರಿತು, ಗುತ್ತಿಗೆಯದು 50ಕ್ಕೆ. ಈ ಸಂಖ್ಯೆಗಳೂ ಒಂಥರಾ ಬೇಲಿಗಳೇ. 500 ಜನ ದುಡಿಯುವ ಜಾಗದಲ್ಲಿ ಕಂಪನಿಯ ಸ್ವಂತದವರು 120, ಉಳಿದವರು ಹತ್ತಾರು ಕಂಟ್ರಾಕ್ಟರುಗಳಲ್ಲಿ ಹಂಚಿಹೋದವರು ಅಂತ ಇಟ್ಟುಕೊಳ್ಳಿ (ಇದು ನನ್ನ ಕಾಲ್ಪನಿಕ ಉದಾಹರಣೆ). ಪ್ರತಿ ಕಂಟ್ರಾಕ್ಟರು ತಾನು ಗೆರೆಯ ಕೆಳಗಿದ್ದೇನೆ ಅಂತ ತೋರಿಸಬಹುದು. ವಲಯದ ಉದ್ಯೋಗದ ಲೆಕ್ಕಕ್ಕೆ 500 ಹೋಗುತ್ತದೆ. ಪಿಎಫ್ ಲೆಕ್ಕಕ್ಕೆ ಎಷ್ಟು ಹೋಗುತ್ತದೆ?

ಆಫ್ರಿಕಾದ ಒಂದು ಅಧ್ಯಯನ ಮಾತ್ರ ನನ್ನನ್ನು ಎರಡು ದಿನ ಕಾಡಿತು. ಇಥಿಯೋಪಿಯಾದ್ದು. ಕ್ರಿಸ್ಟೋಫರ್ ಬ್ಲಾಟ್‌ಮನ್, ಸ್ಟೆಫಾನ್ ಡರ್ಕಾನ್ ಅನ್ನುವ ಇಬ್ಬರು ಐದು ಕಾರ್ಖಾನೆಗಳ ಜೊತೆ ಮಾತಾಡಿಕೊಂಡು, ಕೆಲಸಕ್ಕೆ ಅರ್ಜಿ ಹಾಕಿದ ಸುಮಾರು ಸಾವಿರ ಜನರನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕಾರ್ಖಾನೆಯ ಕೆಲಸ. ಇನ್ನೊಂದಕ್ಕೆ ಸುಮಾರು 300 ಡಾಲರ್ ದುಡ್ಡು, ಸಣ್ಣ ವ್ಯಾಪಾರ ಹೇಗೆ ಮಾಡಬೇಕು ಅನ್ನುವ ಒಂದಿಷ್ಟು ತರಬೇತಿ. ಮೂರನೆಯದಕ್ಕೆ ಏನೂ ಇಲ್ಲ. ನಾನಾದರೆ ಕಾರ್ಖಾನೆಗೆ ಸೇರಿದವರೇ ಮೇಲೆ ಬರುತ್ತಾರೆ ಅಂತ ಪಂದ್ಯ ಕಟ್ಟುತ್ತಿದ್ದೆ. ಆದದ್ದು ಬೇರೆ. ಕೆಲಸ ಸಿಕ್ಕವರಲ್ಲಿ ಮೂರರಲ್ಲಿ ಒಬ್ಬರು ಮೊದಲ ತಿಂಗಳಲ್ಲೇ ಬಿಟ್ಟರು. ವರ್ಷ ತುಂಬುವಷ್ಟರಲ್ಲಿ ನಾಲ್ಕರಲ್ಲಿ ಮೂರು ಭಾಗ ಜನ ಅಲ್ಲಿರಲಿಲ್ಲ. ಅವರ ಆದಾಯ ಏನೂ ಕೊಡದ ಗುಂಪಿಗಿಂತ ಜಾಸ್ತಿ ಆಗಲಿಲ್ಲ, ಆರೋಗ್ಯದ ತೊಂದರೆಗಳು ಮಾತ್ರ ಹೆಚ್ಚಾದವು. ದುಡ್ಡು ಪಡೆದು ಸ್ವಂತ ವ್ಯಾಪಾರ ಮಾಡಿದವರ ಆದಾಯ ವರ್ಷದ ಕೊನೆಗೆ ಮೂರನೇ ಒಂದು ಭಾಗದಷ್ಟು ಏರಿತ್ತು.

ಅಂದರೆ ನಾವು ಯಾವುದನ್ನು ಅಭದ್ರ, ಅನೌಪಚಾರಿಕ ಅಂತ ಅಯ್ಯೋ ಅನ್ನುತ್ತೇವೋ ಅದನ್ನೇ ಆ ಜನ ಲೆಕ್ಕ ಹಾಕಿ ಆರಿಸಿಕೊಂಡಿದ್ದರು. ಕಾರ್ಖಾನೆಯ ಕೆಲಸ ಅವರಿಗೆ ಕೈ ಖಾಲಿಯಾದಾಗ ಹೋಗಿ ನಿಲ್ಲುವ ಜಾಗ, ಬೇರೆ ಸಿಕ್ಕ ಕೂಡಲೇ ಬಿಡುವ ಜಾಗ. ನಾನು ಇದನ್ನು ಉಲ್ಟಾ ಅಂದುಕೊಂಡಿದ್ದೆ. ಬೀದಿ ವ್ಯಾಪಾರ ಕಾಯುವ ಕೋಣೆ, ಕಾರ್ಖಾನೆ ಮನೆ ಅಂತ. ಐದು ವರ್ಷದ ನಂತರ ಮತ್ತೆ ಹೋಗಿ ನೋಡಿದಾಗ ಮೂರೂ ಗುಂಪುಗಳ ನಡುವಿನ ವ್ಯತ್ಯಾಸ ಹೆಚ್ಚೂಕಡಿಮೆ ಅಳಿಸಿಹೋಗಿತ್ತು, ಅದನ್ನೂ ಹೇಳಬೇಕು. 300 ಡಾಲರ್ ಮಂತ್ರದಂಡ ಏನಲ್ಲ.

ಅದೇ ದೇಶದ ಹವಾಸ್ಸಾ ಪಾರ್ಕು 2016ರಲ್ಲಿ ತೆರೆಯಿತು. ಬಟ್ಟೆ ಹೊಲಿಯುವ ವಿದೇಶಿ ಕಂಪನಿಗಳಿಗಾಗಿ ಕಟ್ಟಿದ್ದು, ಸುತ್ತಲ ಹಳ್ಳಿಗಳಿಂದ ಹುಡುಗಿಯರು ಬಂದರು. ಇಥಿಯೋಪಿಯಾದಲ್ಲಿ ಖಾಸಗಿ ಕೆಲಸಕ್ಕೆ ಕನಿಷ್ಠ ವೇತನವೇ ಇರಲಿಲ್ಲ. 2019ರಲ್ಲಿ ಬಂದ ಒಂದು ವರದಿಯ ಪ್ರಕಾರ ಅಲ್ಲಿ ಶುರುವಿನ ಸಂಬಳ ತಿಂಗಳಿಗೆ 26 ಡಾಲರ್. ಪಾರ್ಕಿನ ಒಳಗೆ ರಸ್ತೆ, ಕರೆಂಟು, ಕೊಳಚೆ ನೀರು ಶುದ್ಧೀಕರಣ ಎಲ್ಲ ಅಚ್ಚುಕಟ್ಟು. ಹುಡುಗಿಯರು ಎಲ್ಲಿ ಮಲಗಬೇಕು ಅನ್ನುವುದನ್ನು ಮಾತ್ರ ಊರಿಗೆ ಬಿಟ್ಟಿದ್ದರು. ನಾಲ್ಕು ಜನ ಸೇರಿ ಒಂದು ಕೋಣೆ ಬಾಡಿಗೆಗೆ ಹಿಡಿಯುವುದು, ಬಾಡಿಗೆ ಕೊಟ್ಟು ಉಳಿದದ್ದರಲ್ಲಿ ತಿಂಗಳು ದೂಡುವುದು. ಸೇರಿದಷ್ಟೇ ಬೇಗ ಬಿಟ್ಟು ಹೋಗುತ್ತಿದ್ದರು ಅಂದರೆ ಆಶ್ಚರ್ಯ ಏನಿದೆ? ಆಮೇಲೆ ಯುದ್ಧ ಬಂತು. ಅದೇ ಕಾರಣಕ್ಕೆ ಅಮೆರಿಕಕ್ಕೆ ಸುಂಕವಿಲ್ಲದೆ ಬಟ್ಟೆ ಕಳಿಸುವ ಅವಕಾಶ 2022ರ ಜನವರಿ 1ರಿಂದ ನಿಂತಿತು, ಅದಕ್ಕೆ ಮುಂಚೆಯೇ ದೊಡ್ಡ ಕಂಪನಿಯೊಂದು ಬಾಗಿಲು ಹಾಕಿತ್ತು. ಆ ಹುಡುಗಿಯರಿಗೆ ಕೆಲಸ ಹೋದದ್ದು ಹವಾಸ್ಸಾದಲ್ಲಿ ಯಾರೋ ತಪ್ಪು ಮಾಡಿದ್ದಕ್ಕಲ್ಲ. ವಾಷಿಂಗ್ಟನ್ನಿನಲ್ಲಿ ಒಂದು ಸಹಿ ಬಿದ್ದಿದ್ದಕ್ಕೆ.

ರಿಯಾಯಿತಿ ನಿಂತ ದಿನ ಏನಾಗುತ್ತದೆ ಅನ್ನುವುದಕ್ಕೆ ದಕ್ಷಿಣ ಆಫ್ರಿಕಾ ನೋಡಿದರೆ ಸಾಕು. ವರ್ಣಭೇದದ ಕಾಲದಲ್ಲಿ ಕಪ್ಪು ಜನ ನಗರಗಳಿಗೆ ಬರದಂತೆ ತಡೆಯಲು, ಅವರನ್ನು ದಬ್ಬಿದ ಜಾಗಗಳಿಗೇ ಕಾರ್ಖಾನೆ ಕಳಿಸಲು ಸರಕಾರ ಸಂಬಳದಲ್ಲೂ ಪಾಲು ಕೊಟ್ಟಿತು. ಉದ್ದೇಶವೇ ಕೆಟ್ಟದ್ದು, ಅದು ಬೇರೆ ಮಾತು. 1990ರ ದಶಕದಲ್ಲಿ ಸಹಾಯಧನ ನಿಂತಿತು. ಬೋಟ್ಶಾಬೆಲೊದಂಥ ಕಡೆಗಳಲ್ಲಿ ಅನೇಕ ಕಾರ್ಖಾನೆಗಳು ಮುಚ್ಚಿದವು, ಜನ ಅಲ್ಲೇ ಉಳಿದರು. ಇಂಡೊನೇಷ್ಯಾ ಕೂಡ 1990ರ ದಶಕದ ಕೊನೆಗೆ ಹಿಂದುಳಿದ ದ್ವೀಪಗಳಲ್ಲಿ ಹಲವು ವಲಯ ಮಾಡಿತು. ಆಮೇಲೆ ಪರೀಕ್ಷೆ ಮಾಡಿದವರು ಕಂಡದ್ದು: ಕಂಪನಿಗಳು ಕಟ್ಟಿದ ತೆರಿಗೆ ಕಡಿಮೆಯಾಗಿತ್ತು, ಊರುಗಳು ಅಂಥದ್ದೇ ಬೇರೆ ಊರುಗಳಿಗಿಂತ ಮುಂದೆ ಹೋಗಿರಲಿಲ್ಲ. ಇದರ ಬಗ್ಗೆ ಜಾಸ್ತಿ ಹೇಳುವುದಕ್ಕೇನಿಲ್ಲ.

ಇಷ್ಟೆಲ್ಲ ಆದ ಮೇಲೂ ಜಾಗ ಗುರುತು ಮಾಡಿ ಯೋಜನೆ ತರುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಜಾಗ ಗುರುತು ಮಾಡಿ ಕಂಪನಿಗಳಿಗೇ ಕೊಡಬೇಕು ಅಂತ ಯಾರು ಹೇಳಿದ್ದು? ನರೇಗಾ ನೆನಪಿಸಿಕೊಳ್ಳಿ. 2006ರ ಫೆಬ್ರುವರಿ 2ರಂದು ಅದು ಶುರುವಾದಾಗ ಇದ್ದದ್ದು 200 ಹಿಂದುಳಿದ ಜಿಲ್ಲೆಗಳಲ್ಲಿ ಮಾತ್ರ. 2008ರಲ್ಲಿ ದೇಶಕ್ಕೆಲ್ಲ ಬಂತು. ಆ ಎರಡು ವರ್ಷದ ಅಂತರ ಇಟ್ಟುಕೊಂಡು ಅರ್ಥಶಾಸ್ತ್ರಜ್ಞರು ಹೋಲಿಸಿ ನೋಡಿದರು. ಮೊದಲು ಬಂದ ಜಿಲ್ಲೆಗಳಲ್ಲಿ, ಬೇಸಿಗೆಯ ಒಣ ತಿಂಗಳುಗಳಲ್ಲಿ, ಖಾಸಗಿ ಕೂಲಿಯ ದರವೇ ಶೇ 5ರ ಆಸುಪಾಸು ಏರಿತ್ತು. ನರೇಗಾ ಕೆಲಸಕ್ಕೆ ಹೋದವರಿಗೆ ಅಷ್ಟೇ ಅಲ್ಲ, ಹೋಗದವರಿಗೂ. ಯಾಕೆಂದರೆ ಕೂಲಿಗೆ ಕರೆಯುವವರ ಎದುರು 'ಆಗಲ್ಲ, ಬೇರೆ ಕೆಲಸ ಇದೆ' ಅನ್ನುವ ಒಂದು ಮಾತು ಕೂಲಿಯವರ ಬಾಯಿಗೆ ಬಂದಿತ್ತು. ಯಾರ ಕೆಲಸವೂ ಔಪಚಾರಿಕ ಆಗಲಿಲ್ಲ. ಒಪ್ಪಂದ ಬರಲಿಲ್ಲ, ಪಿಎಫ್ ಬರಲಿಲ್ಲ. ಆದರೂ ಅನೌಪಚಾರಿಕ ಕೆಲಸದ ಒಳಗೇ ದುಡಿಯುವವರ ಕೈ ಸ್ವಲ್ಪ ಮೇಲಾಯಿತು. ಈ ಸಾಧ್ಯತೆಯನ್ನು ವಲಯಗಳ ಚರ್ಚೆಯಲ್ಲಿ ಯಾರೂ ಎತ್ತುವುದೇ ಇಲ್ಲ ಅಲ್ವಾ?

ಕೊನೆಗೆ ಬೇಲಿ ಹಾಕುವುದಕ್ಕೆ ಮೊದಲಿನ ದಿನದ ಮಾತು. ವಲಯಕ್ಕೆ ತೆಗೆದುಕೊಳ್ಳುವ ಜಮೀನಿನ ಮೇಲೆ ಆಗಲೇ ಜನ ಬದುಕುತ್ತಿರುತ್ತಾರೆ. ಒಡೆಯರು ಮಾತ್ರ ಅಲ್ಲ. ಗೇಣಿಗೆ ಮಾಡುವವರು, ಕಳೆ ಕೀಳುವವರು, ದನ ಮೇಯಿಸುವವರು, ಅವರ ನೇಗಿಲು ರಿಪೇರಿ ಮಾಡುವವರು. 2007ರ ಮಾರ್ಚ್ 14ರಂದು ಪಶ್ಚಿಮ ಬಂಗಾಳದ ನಂದಿಗ್ರಾಮದಲ್ಲಿ ಪೊಲೀಸರ ಗುಂಡಿಗೆ 14 ಜನ ಸತ್ತರು. ಅಲ್ಲಿ ರಾಸಾಯನಿಕ ಕಾರ್ಖಾನೆಗಳ ಎಸ್‌ಇಝಡ್ ಬರುವುದಿತ್ತು. ಆಗ ಇದ್ದ ಭೂಸ್ವಾಧೀನ ಕಾಯ್ದೆ 1894ರದ್ದು. ಜಮೀನಿನಲ್ಲಿ ಹಕ್ಕು ಇದ್ದವರಿಗೆ ಪರಿಹಾರ. ಬರೀ ದುಡಿಮೆ ಇದ್ದವರು ಆ ಕಾಯ್ದೆಯ ಕಣ್ಣಿಗೆ ಕಾಣುತ್ತಿರಲಿಲ್ಲ.

2013ರ ಹೊಸ ಕಾಯ್ದೆ ಇದನ್ನು ಸರಿ ಮಾಡಲು ನೋಡಿತು. ಜಮೀನು ಇಲ್ಲದಿದ್ದರೂ, ಆ ಜಾಗದಲ್ಲಿ ಹಿಂದಿನ ಮೂರು ವರ್ಷ ಕೂಲಿ, ಗೇಣಿ, ಕುಶಲಕರ್ಮಿ ಕೆಲಸ ಮಾಡಿಕೊಂಡಿದ್ದು ಅದೇ ಮುಖ್ಯ ಜೀವನಾಧಾರ ಆಗಿದ್ದರೆ, ಅಂಥ ಕುಟುಂಬವೂ ಬಾಧಿತ ಕುಟುಂಬ. ಅವರಿಗೆ ಕೆಲಸ, ಇಲ್ಲವೇ ಒಂದೇ ಸಲಕ್ಕೆ 5 ಲಕ್ಷ ರೂಪಾಯಿ, ಇಲ್ಲವೇ 20 ವರ್ಷ ತಿಂಗಳಿಗೆ 2,000 ರೂಪಾಯಿ. ಹಲವು ರಾಜ್ಯಗಳು ಕೈಗಾರಿಕಾ ಪ್ರದೇಶಕ್ಕೆ ಜಮೀನನ್ನು ತಮ್ಮದೇ ಬೇರೆ ಕಾಯ್ದೆಯಲ್ಲಿ ತೆಗೆದುಕೊಳ್ಳುತ್ತವೆ, ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಈ ಕಾಯ್ದೆಯ ಈ ಸಾಲು ನನಗೆ ಇಷ್ಟ. ಅದನ್ನು ಬರೆದವರು ಹೊಲದಲ್ಲಿ ನಿಂತವರನ್ನು ನೋಡಿದ್ದರು.

ಆದರೆ ಮೂರು ವರ್ಷ ಅಲ್ಲಿ ಕೆಲಸ ಮಾಡಿದ್ದಕ್ಕೆ ಸಾಕ್ಷಿ ಏನು? ಜಮೀನಿನ ಒಡೆಯನ ಹತ್ತಿರ ದಾಖಲೆ ಇದೆ. ಕಳೆ ಕೀಳುವವಳ ಹತ್ತಿರ ಹಾಜರಿ ಪುಸ್ತಕ ಇಲ್ಲ, ಸಂಬಳದ ಚೀಟಿ ಇಲ್ಲ, ದಿನದ ಕೂಲಿ ಕೈಯಿಂದ ಕೈಗೆ ಬಂದದ್ದು. ಅವಳು ಅಲ್ಲಿ ದುಡಿದಿದ್ದಳು ಅನ್ನುವುದು ಗಟ್ಟಿಯಾಗಿ ಗೊತ್ತಿರುವುದು ಅವಳಿಗೆ ಕೂಲಿ ಕೊಟ್ಟ ಒಡೆಯನಿಗೆ. ಅಧಿಕಾರಿ ಪಟ್ಟಿ ಹಿಡಿದುಕೊಂಡು ಬಂದ ದಿನ, ತನ್ನ ಪರಿಹಾರದ ಚಿಂತೆಯ ನಡುವೆ, ಅವನಿಗೆ ಅವಳ ಹೆಸರು ನೆನಪಾಗಬೇಕು.